ಕಾಕುನ ಕೈಗೆ ಸ್ಕ್ಯಾನಿಂಗ್

ಮೊನ್ನೆ ಹುಬ್ಬಳ್ಳ್ಯಾಗ ಸ್ಕ್ಯಾನಿಂಗ್ ಮಾಡಾಕ ಡಾಕ್ಟರು ನನ್ನ ಮಣಿಕಟ್ಟಿಗೆ ಜೆಲ್ ಹಚ್ಚಿದ್ರು. ಅಗದಿ ತಣ್ಣಗ, ಅಂಟಂಟು. ಅಷ್ಟಕ್ಕ ನಮ್ಮ ಬಾಜೂಮನಿ ಕಾಕು ನೆನಪಾದ್ಲು...

ನಮ್ಮೂರು ತಿರ್ಲಾಪುರದಾಗ ಯಾರ ಮನ್ಯಾಗ ಮದವಿ ಇದ್ರೂ ಜ್ವಾಳದ ರೊಟ್ಟಿ ಬಡ್ಯಾಕ ಆಕೀನ ಬೇಕಿತ್ತು. ಗಂಡ ಸತ್ತಮ್ಯಾಲೆ ಆ ಕೈ ಮ್ಯಾಲೇ ಮನಿ ನಡಿಸಿದ್ಲು. ಬಡದು ಬಡದು ಬಲಗೈ ಜೋಮು ಹಿಡೀತು. ಮಣಿಕಟ್ಟಿನ್ಯಾಗ ನರ ಒತ್ತೇತಿ ಅಂತ ಆಪರೇಶನ್ ಮಾಡಿದ್ರು. ಹೊಲಿಗಿ ಬಿಚ್ಚಿದ್ರೂ ಜೋಮು ಹೋಗಲಿಲ್ಲ. ಕೊಯ್ದ ದೊಡ್ಡ ಮನಷ್ಯಾ ಕೈ ಮುಟ್ಟಿ ಸೈತ ನೋಡದ, "ಕೈ ಸರಿ ಐತಿ, ಜೋಮು ನಿನ್ನ ತಲ್ಯಾಗ ಐತಿ" ಅಂದ. ಅವನ ತಲ್ಯಾಗ ಏನಿತ್ತೋ, ಯಾರೂ ಕೇಳ್ಲಿಲ್ಲ.

ನವಲಗುಂದದಾಗ ಇನ್ನೊಬ್ರು ಡಾಕ್ಟರು, ಒಳಗ ನರ ಒತ್ತೂ ಪಟ್ಟಿ ಪೂರ್ತಿ ಕೊಯ್ದಿಲ್ಲೇನೋ, ನರ ಇನ್ನೂ ಸಿಕ್ಕೊಂಡಿರಬೇಕು, ಕೈಗೆ ಸ್ಕ್ಯಾನಿಂಗ್ ಮಾಡಿಸಿ ನೋಡೂಣು ಅಂದ್ರು. ಪಾಪ, ಕಾಕು ಖುಷೀಲೆ ಬಂದು ಕಟ್ಟಿ ಮ್ಯಾಲೆ ಕುಂತ ಹೆಣ್ಮಕ್ಳಿಗೆ ಹೇಳಿದ್ಲು. ಆಗ ನಮ್ಮೂರಾಗ ಸ್ಕ್ಯಾನಿಂಗ್ ಅಂದ್ರ ಒಂದ ಅರ್ಥ, ಬಸರು.

"ಯವ್ವಾ, ಎಷ್ಟ್ ತಿಂಗಳ್ರಿ ಕಾಕು?" ಅಂದ್ಲು ಒಬ್ಬಾಕಿ.

"ಕೈಗೆ ಬೇ, ಕೈಗೆ."

"ಕೈ ಹಿಡದಾವ ಯಾರಂತ ಅದರಾಗ ಕಾಣ್ತೇತೇನ್ರಿ?"

ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ರು. ಮರುದಿನ ಚಾದಂಗಡ್ಯಾಗ ಗಂಡಸ್ರೂ ಅದನ್ನ ಹೇಳಿಕೊಂಡು ನಗತಿದ್ರು. ಅಂಥಾ ಹೊಲಸು ಬಾಯಿ ನಮ್ಮೂರಿಂದು.

ನಮ್ಮವ್ವ ಸ್ಕ್ಯಾನಿಂಗಿಗೆ ಜೋಡಿಗೆ ಬರ್ತೀನಿ ಅಂದ್ರೂ, "ಆ ಬಾಗಲಾ ನಾ ತುಳ್ಯಂಗಿಲ್ಲಕ್ಕಾ" ಅಂದುಬಿಟ್ಲು. ಹೋಗಲೇ ಇಲ್ಲ. ಬರಬರ್ತಾ ಹೆಬ್ಬಟ್ಟಿನ ಬುಡದ ಖಂಡ ಕರಗಿ ಕುಳಿ ಬಿತ್ತು. ಹಿಟ್ಟು ನಾದಾಕೂ ಬರದಂಗಾತು... ಚಾದ ಕಪ್ಪು ಎರಡೂ ಕೈಲೆ ಹಿಡೀತಿದ್ಲು. ಹ್ವಾದ ವರ್ಷ ತೀರಿಕೊಂಡ್ಲು. ಅವತ್ತು ನಕ್ಕವ್ರ ಬಂದು, ಎಂಥಾ ರೊಟ್ಟಿ ಬಡಿಯೋ ಕೈ ಇತ್ತಂತ ಅತ್ರು. ನಾಚಿಕಿಲ್ಲದವ್ರು.

ನಂದೂ ಅದ ಆಪರೇಶನ್ ಆಗಿ ಜೋಮು ಉಳಕೊಂಡಿತ್ತು. ಡಾಕ್ಟರು ಪರದೆ ಮ್ಯಾಲೆ ತೋರಿಸಿದ್ರು, ಕೊಯ್ಯದ ಉಳದ ಪಟ್ಟಿ, ಅದರ ಬುಡಕ ಒತ್ತಿಸಿಕೊಂಡ ನರ. ಇನ್ನೊಮ್ಮಿ ಕೊಯ್ದು ಬಿಡಿಸೂಣು ಅಂದ್ರು. ಅಂಗಿ ತೋಳು ಮೊಣಕೈ ಮಟಾನೂ ಏರಿಸಲಿಲ್ಲ. ಚಾ ಆರೂದ್ರಾಗ ಸ್ಕ್ಯಾನಿಂಗ್ ಮುಗೀತು.

ಊರಿಗೆ ಬಂದಾಗ ಅದ ಕಟ್ಟಿ ಮ್ಯಾಲಿಂದ ಅದ ಹೆಣ್ಮಗಳು, ಏನ್ ಮಾಡಿದ್ರಣ್ಣಾ ಅಂದ್ಲು. ಸ್ಕ್ಯಾನಿಂಗ್ ಅಂದೆ.

"ಛಲೋ ಆತು ಬಿಡ್ರಿ. ಲಗೂ ಆರಾಮಾಗ್ರಿ."

ನಾ ಗಂಡಸು ನೋಡ್ರಿ, ಎಷ್ಟ್ ತಿಂಗಳಂತ ಕೇಳ್ಲಿಲ್ಲ. ಬಾಜೂಮನ್ಯಾಗ ರೊಟ್ಟಿ ಬಡಿಯೋ ಸಪ್ಪಳೂ ಇರಲಿಲ್ಲ...