ಎಂಟಡಿ ಡಿಶ್‌ಗೆ ಹೊಸ ಎಲ್‌ಎನ್‌ಬಿ

ಫೆಬ್ರವರಿಯ ಎರಡನೆಯ ಭಾನುವಾರ, ಬೆಳಗ್ಗೆ ಎಂಟೂವರೆ. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಕಾಲನಿಯಲ್ಲಿ ನಮ್ಮ ಮನೆ. ಹಾಜರಿದ್ದವರು ಮೂವರು: ನಾನು, ನನ್ನ ಯಜಮಾನರು, ಅವರ ತಂಗಿ. ಮೂವತ್ತನಾಲ್ಕು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಪಾಳಿಗೆ ಬಂದವರು ಮೊದಲು ದಿನ, ಹೊತ್ತು, ಜಾಗ, ಹಾಜರಿ ಇಷ್ಟನ್ನು ಬರೆಯಬೇಕು. ಆ ರೂಢಿ ಹೋಗಿಲ್ಲ.

ಸಕ್ಕರೆ ಕಾಯಿಲೆಯಿಂದ ಯಜಮಾನರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದು ಐದು ವಾರವಾಗಿತ್ತು. ಗಾಯ ಸರಿಯಾಗಿ ಮಾಯುತ್ತಿತ್ತು. ಬುಧವಾರ ಕೃತಕ ಕಾಲಿನ ಅಳತೆಗೆ ಹೋಗಬೇಕು. ಅದಕ್ಕೆ ಮೊಣಕಾಲು ಪೂರ್ತಿ ನೆಟ್ಟಗಾಗಬೇಕು. ಮಡಚಿಕೊಂಡೇ ಮಲಗಿದವರಿಗೆ ಅದು ಮಡಚಿದಲ್ಲೇ ಬಿಗಿದುಬಿಡುತ್ತದೆ. ಆಮೇಲೆ ಕೃತಕ ಕಾಲು ಕೂಡುವುದಿಲ್ಲ. ಹಾಗೆ ಬಿಗಿದವರನ್ನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಇವರು ದಿನವಿಡೀ ಗೋಡೆಗೆ ಮುಖ ಮಾಡಿ, ಕಾಲು ಮಡಚಿ ಮಲಗಿರುತ್ತಿದ್ದರು. ಕೇಳಿದ್ದಕ್ಕೆ ‘ಹೂಂ’ ಅನ್ನುತ್ತಿದ್ದರು. ಎಷ್ಟೋ ಸಲ ಅದೂ ಇಲ್ಲ.

ನನಗೂ ಏನೂ ಅನ್ನಿಸುತ್ತಿರಲಿಲ್ಲ. ಹೊತ್ತಿಗೆ ಔಷಧಿ, ಹೊತ್ತಿಗೆ ಊಟ. ಒಂದು ದಿನ ಅತ್ತುಬಿಡೋಣವೆಂದು ಬಚ್ಚಲಿನ ಬಾಗಿಲು ಹಾಕಿಕೊಂಡು ನಿಂತೆ. ಅಳು ಬರಲಿಲ್ಲ. ಹೇಗೂ ಒಳಗೆ ಬಂದಿದ್ದೆನಲ್ಲ, ನೆನೆಸಿಟ್ಟ ಬಟ್ಟೆ ಹಿಂಡಿಕೊಂಡು ಹೊರಗೆ ಬಂದೆ.

ನಾದಿನಿ ಅಣ್ಣನ ಆರೈಕೆಗೆಂದು ಕಲಬುರ್ಗಿಯಿಂದ ಬಂದಿದ್ದಳು. ನಾನು ಅತ್ತ ತಿರುಗಿದರೆ ಸಾಕು, ಅವರ ಮೊಣಕಾಲಿನ ಕೆಳಗೆ ದಿಂಬು ಇಡುತ್ತಿದ್ದಳು. ನಾನು ತೆಗೆಯುತ್ತಿದ್ದೆ.

“ಅಷ್ಟರಾಗ ಏನ್ ಆಗತೈತ್ರಿ ವೈನಿ? ಪಾಪ, ಮೆತ್ತಗ ಇರಲಿ.”

“ಈಗ ಮೆತ್ತಗ ಇಟ್ರ ಆಮ್ಯಾಲ ಸಾಯೂತನಾ ಕೋಲ್ ಹಿಡದು ಕುಪ್ಪಳಸ್ಬೇಕು.”

“ಯವ್ವಾ, ಮನ್ಯಾಗೂ ದವಾಖಾನಿ ನಡಸ್ತೀರಿ ನೀವು.”

ತಾರಸಿಯ ಮೇಲಿನ ಎಂಟಡಿಯ ಡಿಶ್ ಯಜಮಾನರ ಹವ್ಯಾಸ. ಬ್ಯಾಂಕಿನ ಕೆಲಸ ಮುಗಿಸಿ ಮನೆಗೆ ಬಂದವರೇ ಅಂಗಿಯನ್ನೂ ಬದಲಿಸದೆ ಮೇಲೆ ಹೋಗಿ ಅದನ್ನು ತಿರುಗಿಸುತ್ತಿದ್ದರು. ಹೋದ ದೀಪಾವಳಿಯ ಹೊತ್ತಿಗೆ ಎದುರಿನ ಕಟ್ಟಡದ ಮೇಲೆ ಮೊಬೈಲಿನ ಹೊಸ ಟವರ್ ಎದ್ದಿತು. ಅಂದಿನಿಂದ ಟಿವಿಯ ಚಿತ್ರ ಚೂರುಚೂರು. ಡಿಶ್‌ನ ಮುಂದೆ ಮೂರು ಕಂಬಿಗಳ ತುದಿಯಲ್ಲಿ ಲೋಟದ ಗಾತ್ರದ ಎಲ್‌ಎನ್‌ಬಿ ಇರುತ್ತದೆ. ಆಕಾಶದಿಂದ ಬಂದದ್ದನ್ನು ಹಿಡಿದು ವೈರಿಗೆ ಕೊಡುವುದು ಅದೇ. ಟವರಿನ ಗದ್ದಲವನ್ನು ಸೋಸುವ ಹೊಸ ಎಲ್‌ಎನ್‌ಬಿಯನ್ನೂ ಹೊಸ ರಿಸೀವರನ್ನೂ ಅವರು ಕೋಠಿಯ ಅಂಗಡಿಯಿಂದ ತಂದಿದ್ದರು. ಅಷ್ಟರಲ್ಲಿ ಪಾದದ ಹುಣ್ಣು ಕೆಟ್ಟಿತು. ಡಬ್ಬಿಗಳು ಕಪಾಟಿನಲ್ಲೇ ಉಳಿದವು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ತಿರುಗಿಸಬೇಕು, ಇನ್ನೊಬ್ಬರು ಟಿವಿಯ ಮುಂದೆ ನೆಟ್ಟಗೆ ಕೂತು ಸಿಗ್ನಲ್ಲಿನ ನಂಬರ್ ಓದಬೇಕು. ಚಿತ್ರ ಬರಲಿ ಬಿಡಲಿ, ನನಗೆ ಬೇಕಾದದ್ದು ಒಂದು ತಾಸು ನೆಟ್ಟಗಿರುವ ಮೊಣಕಾಲು. ಹೊಸ ರಿಸೀವರನ್ನು ಟಿವಿಗೆ ಜೋಡಿಸಿದೆ. ಕುರ್ಚಿಯ ಮೇಲೆ ಮುಂದಕ್ಕೆ ಚಾಚುವಂತೆ ಹಲಗೆಯೊಂದನ್ನು ಇಟ್ಟು, ಕಾಲು ಅದರ ಮೇಲೆ ಬರುವಂತೆ ಅವರನ್ನು ಕೂರಿಸಿದೆ.

“ಏನ್ರಿ, ನಾ ಮ್ಯಾಲ ಹೊಂಟೀನಿ. ನೀವು ನಂಬರ್ ಓದ್ರಿ.”

“ನಿನಗೇನ್ ತಿಳೀತೈತಿ ಅದು?”

ಆ ವಾರ ಅವರು ಆಡಿದ ಅತಿ ಉದ್ದದ ಮಾತು ಅದು.

“ತಿಳಿಯಂಗಿಲ್ಲ. ಅದಕ್ಕ ಓದ್ರಿ ಅಂದೆ.”

ಒಂಬತ್ತೂಕಾಲಕ್ಕೆ ತಾರಸಿಯಲ್ಲಿ ಸ್ಟೂಲಿನ ಮೇಲೆ ನಿಂತೆ. ಕೈ ಪೂರ್ತಿ ಚಾಚಿದರೆ ಎಲ್‌ಎನ್‌ಬಿ ಸಿಗುತ್ತದೆ. ಹಳೆಯದು ಅದನ್ನು ಹಿಡಿದ ಬಳೆಯೊಳಗೆ ಎಷ್ಟು ತೂರಿತ್ತೆಂದು ಪ್ಲಾಸ್ಟರ್ ಅಂಟಿಸಿ ಗುರುತು ಮಾಡಿಕೊಂಡೆ. ಬೋಲ್ಟುಗಳು ತುಕ್ಕು ಹಿಡಿದಿದ್ದವು. ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದೆ. ಹಳೆಯದನ್ನು ತೆಗೆದು, ಹೊಸದಕ್ಕೂ ಅದೇ ಅಳತೆಗೆ ಗುರುತು ಹಾಕಿ ಅಲ್ಲಿಯವರೆಗೆ ತೂರಿಸಿ, ಕೇಬಲ್ ಹಾಕಿ, ಜೋಡಣೆಗೆ ನೀರು ಇಳಿಯದಂತೆ ಟೇಪ್ ಸುತ್ತಿದೆ. ಇನ್ನು ಅದನ್ನು ಇದ್ದಲ್ಲೇ ನಿಧಾನವಾಗಿ ತಿರುಗಿಸುತ್ತ ನಂಬರ್ ಹೆಚ್ಚುವ ಜಾಗ ಹುಡುಕಬೇಕು. ಯಜಮಾನರ ದನಿ ಮೇಲಿನವರೆಗೆ ಬರುತ್ತಿರಲಿಲ್ಲ. ನಾದಿನಿ ಮೆಟ್ಟಿಲ ಮೇಲೆ ನಿಂತು, ಅವರು ಹೇಳಿದ್ದನ್ನು ಕೂಗಿ ಮುಟ್ಟಿಸತೊಡಗಿದಳು.

“ಇಪ್ಪತ್ತು ವೈನಿ! ಇಪ್ಪತ್ತಾರು! ಮೂವತ್ತೈದು! ಭಾಳ ಛಲೋ ಬರಾಕತ್ತೈತಿ!”

ಬಲಕ್ಕೆ ತಿರುಗಿಸಿದೆ, ನಂಬರ್ ಏರಿತು. ಪರೀಕ್ಷಿಸಲೆಂದು ಎಡಕ್ಕೆ ತಿರುಗಿಸಿದೆ, ಆಗಲೂ ಏರಿತು. ಥರ್ಮಾಮೀಟರ್ ಇಡದೆ ಚಾರ್ಟ್ ತುಂಬುವ ನರ್ಸ್‌ಗಳನ್ನು ನಾನು ಬಲ್ಲೆ. ಬಯ್ಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಯಜಮಾನರದೇ ಕೂಗು ಕೇಳಿಸಿತು.

“ಏ ಸುಳ್ಳಿ! ನಾ ಹನ್ನೊಂದು ಅಂದ್ರ ನೀ ನಲವತ್ತು ಒದರಾಕತ್ತಿ!”

ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು “ಏಮೈಂದಿ ಆಂಟಿ?” ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳುತ್ತ ಬಗ್ಗಿ ನೋಡಿದಳು. ಏನಿಲ್ಲವೆಂದು ಕೈ ಆಡಿಸಿದೆ.

“ವೈನಿ ಬಿಸಿಲಾಗ ನಿಂತಾರ ಅಂತ ಒಂದೀಟು ಕೂಡಿಸಿ ಹೇಳಿದೆ, ಅಣ್ಣಾ.”

“ನಂಬರ್ ಏನ್ ಪಾಯಸೇನು, ಬೆಲ್ಲ ಕೂಡಸಾಕ? ಸರಿ ಅತ್ತಾಗ! ಕಿಡಕಿ ತಗಿ!”

ಆಮೇಲೆ ಅವರೇ ಕಿಟಕಿಯಿಂದ ಕೂಗಿದರು. “ಹನ್ನೊಂದು. ಒಂಬತ್ತು. ಉಲ್ಟಾ ಹೊಂಟಿ! ಈ ಕಡೆ... ಹದಿನೇಳು. ನಿಧಾನ. ಅದೇನ್ ಹಿಟ್ಟಿನ ಡಬ್ಬಿ ಮುಚ್ಚಳಾ ಅಂತ ಮಾಡೀಯೇನು? ಮೂವತ್ತು. ಐವತ್ತೆರಡು. ಐವತ್ತೆಂಟು. ನಿಲ್ಲು! ಮುಟ್ಟಬ್ಯಾಡ!”

ಐದು ವಾರದ ಮೇಲೆ ಅವರ ದನಿ ಹಾಗೆ ಕೇಳಿತು. ಖುಷಿಯಾಗಬೇಕಿತ್ತು. ಎಡಗೈಯಲ್ಲಿ ಎಲ್‌ಎನ್‌ಬಿಯನ್ನು ಅಲುಗದಂತೆ ಹಿಡಿದು ಬಲಗೈಯಲ್ಲಿ ಬೋಲ್ಟು ಬಿಗಿದೆ. ಸಾಮಾನು ಎಣಿಸಿ ಡಬ್ಬಿಗೆ ಹಾಕಿ ಇಳಿದೆ.

ಕೆಳಗೆ ಟಿವಿಯಲ್ಲಿ ಯಾರೋ ಕನ್ನಡದಲ್ಲಿ ತೊಗರಿಗೆ ಬರುವ ರೋಗದ ಬಗ್ಗೆ ಹೇಳುತ್ತಿದ್ದರು. ಚಿತ್ರ ಸ್ವಚ್ಛವಾಗಿತ್ತು. ನಾನು ಟಿವಿ ಬಿಟ್ಟು ಕಾಲು ನೋಡಿದೆ. ಕೂಗುವ ಭರದಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ತೊಡೆಯನ್ನು ಹಲಗೆಗೆ ಒತ್ತಿ ಕೂತಿದ್ದರು. ಮೊಣಕಾಲಿನ ಕೆಳಗೆ ಬೆರಳು ತೂರಿಸಲು ನೋಡಿದೆ, ಹೋಗಲಿಲ್ಲ. ಹಿಂದಿನ ದಿನ ಅಲ್ಲಿ ಮೂರು ಬೆರಳು ಹೋಗುತ್ತಿದ್ದವು. ಕೂತದ್ದು ಒಂದು ತಾಸು ಮೂವತ್ತೈದು ನಿಮಿಷ.

“ಏನ್ ನೋಡಾಕತ್ತಿ?”

“ಏನಿಲ್ರಿ. ನೋವು?”

“ಐತಿ.” ಟಿವಿಯ ಕಡೆ ಕೈ ತೋರಿಸಿ, “ಬಂದ್ ಮಾಡು ಅದನ್ನ. ಉಳದ ಚಾನೆಲ್ ಮಧ್ಯಾಹ್ನ ಹುಡುಕೂಣು,” ಅಂದರು.

“ಕುಂತು?”

“ಮತ್ತ ಗ್ವಾಡಿ ಕಡೆ ಮಾರಿ ಮಾಡಿ ಹುಡಕಾಕ ಬರತೈತೇನು?”

ಮಲಗಿಸಿದೆ. ಅವರು ಮತ್ತೆ ಗೋಡೆಗೇ ತಿರುಗಿದರು. ಆದರೆ ಮೂರು ಗಂಟೆಗೆ ಎಬ್ಬಿಸಿದಾಗ ಬೇಡವೆನ್ನಲಿಲ್ಲ. ನಾಲ್ಕೂಕಾಲರವರೆಗೆ ಹಲಗೆಯ ಮೇಲೆ ಕಾಲು ಚಾಚಿ ಕೂತು, ರಿಮೋಟ್ ಒತ್ತುತ್ತ ಒಂದೊಂದೇ ಚಾನೆಲ್ ಹುಡುಕಿದರು. ನಾದಿನಿ ಪಕ್ಕದಲ್ಲಿ ಕೂತು, ಅವರು ಹೇಳಿದಂತೆ, ಒಂದಂಕಿಯನ್ನೂ ಕೂಡಿಸದೆ ಬರೆದುಕೊಂಡಳು.

ಸಂಜೆ ಗಾಯದ ಪಟ್ಟಿ ಬದಲಿಸುವಾಗ ಅವಳು ಮೆಲ್ಲಗೆ ಕೇಳಿದಳು: “ಬುಧವಾರ ಅಳತಿ ತಗೋತಾರೇನ್ರಿ ವೈನಿ?”

“ನಾಳಿ, ನಾಡದ್ದು ಹಿಂಗ ಕುಂತ್ರ ತಗೋತಾರ.”

ಯಜಮಾನರು ಹೇಳಿಸಿಕೊಳ್ಳದೆಯೇ ಕಾಲನ್ನು ನೆಟ್ಟಗೆ ಚಾಚಿ ಹಿಡಿದರು. ತುದಿಯಿಂದ ಮೇಲಕ್ಕೆ ಹೊಸ ಪಟ್ಟಿ ಸುತ್ತಿ ಪಿನ್ ಹಾಕಿದೆ. ಏಳು ಹತ್ತಕ್ಕೆ ಆ ಕೆಲಸ ಮುಗಿಯಿತು.