ರೈನ್ ಹೊಳೆಗೆ ಮೊದಲು ಇಂಡಿ ರೋಡ್

ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸಿ ಮಾರುವ ಗುರುಪಾದಯ್ಯನವರಿಗೆ ಬೀಡಿ, ಎಲಿಅಡಿಕೆ ಯಾವ ಚಟವೂ ಇರಲಿಲ್ಲ. ಇದ್ದದ್ದು ಒಂದೇ: ರೈಲು ನಿಂತರೆ ಸಾಕು, ಅವರು ಕೆಳಗಿಳಿಯಲೇಬೇಕು. ಚಹಾ ಬೇಕೆಂದಲ್ಲ, ನೀರು ಬೇಕೆಂದೂ ಅಲ್ಲ. ಇಳಿಯದೆ ಮುಂದೆ ಹೋದರೆ ಆ ಊರಿಗೆ ಅವಮಾನ ಮಾಡಿದಂತೆ ಅನಿಸುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಶೈಲಾ ಅವರನ್ನು ಪಂಢರಪುರಕ್ಕೆ ಕರೆದೊಯ್ಯುವಾಗ, ಹೊಟಗಿ ಸ್ಟೇಶನ್ನಿನಲ್ಲಿ ಮಿರ್ಚಿ ಭಜಿ ತರಲು ಇಳಿದಿದ್ದರು. ಭಜಿ ಕೈಗೆ ಬರುವಷ್ಟರಲ್ಲಿ ರೈಲೂ ಇಲ್ಲ, ಹೆಂಡತಿಯೂ ಇಲ್ಲ. ಬೀಗರ ಮನೆಯ ಮದುವೆಗಳಲ್ಲಿ ಉಪ್ಪಿನಕಾಯಿಯ ಬೆನ್ನಿಗೇ ಈ ಕಥೆಯನ್ನೂ ಬಡಿಸುತ್ತಾರೆ.

ಶೈಲಾ ಬಬಲೇಶ್ವರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಯುರೋಪಿನ ನಕಾಶೆಯನ್ನು ಬೋರ್ಡಿನ ಮೇಲೆ ಕೈಯೆತ್ತದೆ ಬಿಡಿಸುತ್ತಿದ್ದರು. ನಿವೃತ್ತಿಯ ದಿನ ಹಾರ ಹಾಕಿ, ಮುಂದೇನು ಮಾಡುತ್ತೀರಿ ಎಂದು ಕೇಳಿದವರೆಲ್ಲ, ಕಾಶಿ ಎನ್ನುತ್ತಾರೆಂದು ಕಾದರು. "ರೈನ್ ಹೊಳಿ ನೋಡತೇನ್ರಿ," ಎಂದರು ಶೈಲಾ. ಜರ್ಮನಿಯ ಆ ಹೊಳೆಯೊಂದೇ ಅಲ್ಲ. ಆಮ್‌ಸ್ಟರ್‌ಡ್ಯಾಮ್, ಕೊಲೋನ್, ಬ್ರಸೆಲ್ಸ್, ಪ್ಯಾರಿಸ್, ಜ್ಯೂರಿಕ್, ವಿಯೆನ್ನಾ, ಎಲ್ಲವೂ ರೈಲಿನಲ್ಲೇ.

ವಿಜಯಪುರದ ಗಾಂಧಿ ಚೌಕದಲ್ಲಿ ಜನರನ್ನು ಮೆಕ್ಕಾದ ಉಮ್ರಾ ಯಾತ್ರೆಗೆ ಕಳಿಸುವ ಲಾಡಲೇಸಾಬ ಇವರ ಮನೆಯ ಹಳೆಯ ಗೆಳೆಯ. ಟಿಕೀಟು, ವೀಸಾ ಎಲ್ಲ ನೋಡಿಕೊಳ್ಳಲು ಒಪ್ಪಿದವನು ಒಂದು ಮಾತಿಗೆ ಮಾತ್ರ ತಡವರಿಸಿದ.

"ಅಯ್ಯಾರ, ಅಲ್ಲಿ ಗಾಡಿ ನಿಂತಂಗ ಮಾಡಿ ಹೋಗಿಬಿಡ್ತಾವ. ಬಾಗಲಾ ತಾವ ಮುಚ್ಚತಾವ. ನೀವು ಭಜಿಗಿ ಇಳದ್ರಿ ಅಂದ್ರ ಅಕ್ಕೋರು ಬ್ಯಾರೆ ದೇಶದಾಗ ಇರ್ತಾರ."

ಶೈಲಾ ಗಂಡನ ಮುಖ ನೋಡಿದರು. "ಮೊದಲ ತಾಲೀಮ ಮಾಡೂಣು," ಎಂದರು.

ಹೀಗೆ ಒಂದು ರವಿವಾರ ಇಬ್ಬರೂ ಒಂದೊಂದು ಬ್ಯಾಗು ಹಿಡಿದು ವಿಜಯಪುರದಲ್ಲಿ ಸೊಲ್ಲಾಪುರದ ಪ್ಯಾಸೆಂಜರ್ ಗಾಡಿ ಹತ್ತಿದರು. ಮಿಂಚನಾಳವನ್ನು ಬ್ರಸೆಲ್ಸ್ ಎಂದೂ ಇಂಡಿ ರೋಡನ್ನು ಪ್ಯಾರಿಸ್ ಎಂದೂ ತಿಳಿಯಬೇಕೆಂದು ಶೈಲಾ ಗಂಡನಿಗೆ ತಾಕೀತು ಮಾಡಿದರು.

"ಏನ ಆದ್ರೂ ಇಳಿಯಂಗಿಲ್ಲ. ನಾ ಇಳೀರಿ ಅಂದ್ರೂ ಇಳಿಯಂಗಿಲ್ಲ. ತಿಳೀತಿಲ್ಲ?"

"ತಿಳೀತ ಬಿಡ," ಎಂದರು ಗುರುಪಾದಯ್ಯ.

ಮಿಂಚನಾಳದಲ್ಲಿ ಅವರ ಅಂಗಾಲು ತುರಿಸಿತು. ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತರು. ಇಂಡಿ ರೋಡಿನಲ್ಲಿ ಭಜಿ ಕರಿಯುವ ಎಣ್ಣೆಯ ವಾಸನೆ ಕಿಟಕಿಯಿಂದ ಒಳಗೆ ಬಂದು ಹೆಸರು ಹಿಡಿದು ಕರೆದಂತಾಯಿತು. ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತಿರುವಾಗ ಹೊರಗಿನಿಂದ ಹೆಣ್ಣುದನಿ ಕೇಳಿತು.

"ಅಕ್ಕೋರ, ನಾ ಸೈಮಾ ರೀ. ಬಬಲೇಶ್ವರ ಸಾಲ್ಯಾಗ ನಿಮ್ಮ ಕೈಯಾಗ ಕಲತಾಕಿ. ಈಗ ನಾನೂ ಭೂಗೋಳನ ಕಲಸ್ತೇನ್ರಿ."

ಶೈಲಾ ಬಾಗಿಲ ತನಕ ಹೋದರು. ಮಾತು ಕೇಳಲಿಲ್ಲವೆಂದು ಒಂದು ಮೆಟ್ಟಿಲು ಇಳಿದರು. "ಇಲ್ಲಿ ಎದುರ ಗಾಡಿ ಕ್ರಾಸಿಂಗ್ ಐತ್ರಿ, ಗಾಡಿ ಇನ್ನೂ ನಿಂದರತೈತಿ," ಎಂದು ಸೈಮಾ ಹೇಳಿದ್ದೇ ತಡ, ಪ್ಲಾಟ್‌ಫಾರ್ಮಿಗೇ ಇಳಿದುಬಿಟ್ಟರು. ಇಬ್ಬರು ಭೂಗೋಳದವರು ಕೂಡಿದರೆ ಮಾತಿಗೆ ಎಲ್ಲೆ ಎಲ್ಲಿ? ಆದರೆ ಅಂದು ಕ್ರಾಸಿಂಗ್ ಇರಲಿಲ್ಲ. ಗಾಡಿ ಕೂಗಿ ಹೊರಟೇಬಿಟ್ಟಿತು.

"ಶೈಲಾ, ಗಾಡಿ ಬಿಟ್ಟೈತಿ," ಎಂದು ಗುರುಪಾದಯ್ಯ ಕಿಟಕಿಯಿಂದ ಕರೆದರು. ಶೈಲಾ ನಿರಿಗೆ ಹಿಡಿದು ನಾಲ್ಕು ಹೆಜ್ಜೆ ಓಡಿ, ಆಗದೆ ನಿಂತು, ಕೈ ಬೀಸಿ "ಇಳೀರಿ, ಇಳೀರಿ" ಎಂದರು. ಗುರುಪಾದಯ್ಯ ಅರ್ಧ ಎದ್ದರು. ಆಮೇಲೆ ಹೆಂಡತಿ ಹೇಳಿದ್ದು ನೆನಪಾಯಿತು. ಕೂತುಬಿಟ್ಟರು. ಗಾಬರಿಯ ಒಳಗೇ, ಪರೀಕ್ಷೆಯಲ್ಲಿ ಪಾಸಾದೆನೆಂಬ ಸಣ್ಣ ಹಿಗ್ಗೂ ಅವರಿಗಾಯಿತು.

ಹೆಂಡತಿಯ ಫೋನು ಪಕ್ಕದ ಬ್ಯಾಗಿನಲ್ಲೇ ಉಳಿದಿತ್ತು. ಅಷ್ಟರಲ್ಲಿ ಇವರ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಗುರುತಿಲ್ಲದ ನಂಬರು ಎತ್ತಬೇಡಿ, ಮೋಸಗಾರರು ಇರುತ್ತಾರೆ ಎಂದು ಕಲಿಸಿದವರೂ ಶೈಲಾ ಅವರೇ. ಕಟ್ ಮಾಡಿದರು. ಮತ್ತೆ ಬಂತು, ಮತ್ತೆ ಕಟ್ ಮಾಡಿದರು. ಆಮೇಲೆ ಮೆಸೇಜು ಬಂತು: "ನಿಮ್ಮ ಮನಿಯವರು ನಮ್ಮ ಕಡೆ ಅದಾರ. ಫೋನ ಎತ್ತರಿ."

ಗುರುಪಾದಯ್ಯ ಮೆಸೇಜನ್ನು ಎರಡು ಸಲ ಓದಿದರು. ಗಾಡಿ ಬಿಟ್ಟು ಇನ್ನೂ ಮುಂದಿನ ಸ್ಟೇಶನ್ ಬಂದಿಲ್ಲ, ಆಗಲೇ ಹಿಡಕೊಂಡು ಹೋದರೇ? ಎದುರು ಸೀಟಿನಲ್ಲಿ ಚಿಕ್ಕು ಸುಲಿಯುತ್ತ ಕೂತಿದ್ದ ಹಾಜಿರಾಬಿ ಎಂಬ ಮುದುಕಿ ಕೇಳಿದಳು: "ಯಾಕೋ ಯಪ್ಪಾ, ಮಾರಿ ಹಿಂಗ್ಯಾಕ ಆತು?"

ಗುರುಪಾದಯ್ಯ ಮೆಸೇಜು ಓದಿ ಹೇಳಿದರು. ಮುದುಕಿ ಚಿಕ್ಕು ಸುಲಿಯುವುದನ್ನು ನಿಲ್ಲಿಸಿದಳು.

"ಕಳ್ಳರು ನಿನಗ 'ರಿ' ಹಚ್ಚಿ ಮಾತಾಡ್ತಾರೇನೋ? ಎತ್ತ."

ಎತ್ತಿದರು. ಸೈಮಾಳ ಫೋನಿನಿಂದ ಶೈಲಾ ಅವರ ದನಿ ಇಡೀ ಡಬ್ಬಿಗೆ ಕೇಳಿತು. "ಯಾಕ ಇಳೀಲಿಲ್ಲ ನೀವು?"

"ನಾ ಅಂದ್ರೂ ಇಳಿಬ್ಯಾಡ್ರಿ ಅಂತ ನೀನ ಹೇಳಿದ್ದಿ."

 ಶೈಲಾ, "ಸೊಲ್ಲಾಪುರದಾಗ ಕುಂತಿರ್ರಿ, ಬರ್ತೇನಿ," ಎಂದು ಫೋನು ಇಟ್ಟರು.

ಮುಂದಿನ ಗಾಡಿಗೆ ಶೈಲಾ ಬಂದಾಗ, ಗುರುಪಾದಯ್ಯ ಎರಡೂ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಯಾರು ಮೊದಲು ನಕ್ಕರೆಂಬುದು ಇನ್ನೂ ತೀರ್ಮಾನವಾಗಿಲ್ಲ.

"ಶೈಲಾ, ಯುರೋಪಿನ್ಯಾಗ ಇಷ್ಟೊಂದ ಊರ ಬ್ಯಾಡ," ಎಂದರು ಗುರುಪಾದಯ್ಯ. "ಹತ್ತೂದು ಇಳಿಯೂದರಾಗ ಜಲ್ಮ ಹೋಗತೈತಿ. ಇಳದ ಊರಾಗ ಸಾವಕಾಶ ಇರೂಣು."

ಶೈಲಾ ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ. ವಿಯೆನ್ನಾ, ಜ್ಯೂರಿಕ್, ಬ್ರಸೆಲ್ಸ್ ಬಿದ್ದುಹೋದವು. ಆಮ್‌ಸ್ಟರ್‌ಡ್ಯಾಮ್, ಕೊಲೋನ್ ಉಳಿದವು; ಪ್ಯಾರಿಸ್ಸೂ ಉಳಿಯಿತು, ಅದನ್ನು ನೋಡದೆ ಬಂದರೆ ವಿದೇಶಕ್ಕೆ ಹೋಗಿದ್ದೆವೆಂದು ತಿಕೋಟಾದಲ್ಲಿ ಯಾರೂ ನಂಬುವುದಿಲ್ಲವೆಂದು.

ದ್ರಾಕ್ಷಿ ಹಂಗಾಮು ಮುಗಿದ ಮೇಲೆ ಹೋದರು. ಕೊಲೋನಿನಲ್ಲಿ ರೈನ್ ದಂಡೆಗೆ ನಿಂತ ಶೈಲಾ ನೀರನ್ನು ಬಾಗಿ ಬಾಗಿ ನೋಡಿದರು. ಗುರುಪಾದಯ್ಯನವರಿಗೆ ಹೆದರಿಕೆಯಾಯಿತು. "ಏನಾತು?"

"ಇಷ್ಟ ವರ್ಷ ಹುಡುಗರಿಗೆ ಇದನ್ನ ನೀಲಿ ಚಾಕಿಲೆ ತಗದು ತೋರಿಸೇನ್ರಿ. ಇದು ನಮ್ಮ ಭೀಮಾ ಹೊಳಿಗತೆನ ರಾಡಿ ಬಣ್ಣ ಐತಿ."

ಹೇಳುತ್ತಲೇ ಕಣ್ಣೊರೆಸಿಕೊಂಡರು. ಗುರುಪಾದಯ್ಯ ಬುತ್ತಿ ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದುಕೊಟ್ಟರು. ಹತ್ತಿರದ ಬೆಂಚಿನಲ್ಲಿ ಕೂತಿದ್ದ ಅಲ್ಲಿನ ಮುದುಕನೊಬ್ಬ ಅದೇನೆಂದು ಕೈಸನ್ನೆಯಲ್ಲಿ ಕೇಳಿದ. ಅವನಿಗೂ ಅರ್ಧ ಮುರಿದು ಕೊಟ್ಟು, ಶೇಂಗಾ ಹುರಿಯುವಲ್ಲಿಂದ ಹಿಡಿದು ಎಲ್ಲವನ್ನೂ ಗುರುಪಾದಯ್ಯ ಕನ್ನಡದಲ್ಲೇ ವಿವರಿಸತೊಡಗಿದರು. ಮುದುಕ ತಿನ್ನುತ್ತ, ತನ್ನ ಭಾಷೆಯಲ್ಲಿ ಹೂಂಗುಟ್ಟುತ್ತಿದ್ದ.