ಎಲ್ಲೆಯಣ್ಣ, ಬಯಲಣ್ಣ ಮತ್ತು ಅತ್ತಿಗೆಯ ಲಾಂಡ್ರಿ

ಅತ್ತಿಗೆ ಎಂದರೆ ಆ ಬೀದಿಗೆಲ್ಲ ಅತ್ತಿಗೆಯೇ. ಮದುವೆಯಾಗದ ಮೈದುನ ಹಗಲೆಲ್ಲ ಹಾಗೆ ಕೂಗುವುದನ್ನು ಕೇಳಿ ಕೇಳಿ ಹಾಲಿನವನಿಂದ ಹಿಡಿದು ಪಕ್ಕದ ಔಷಧಿ ಅಂಗಡಿಯ ಮುದುಕನವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ಗಂಡ, ಮೈದುನ ಸೇರಿ ಲಾಂಡ್ರಿ ನಡೆಸುತ್ತಿದ್ದರು. ನಡೆಸುತ್ತಿದ್ದರು ಎನ್ನುವುದು ಬೋರ್ಡಿನ ಮೇಲಿನ ಮಾತು. ಯಂತ್ರಕ್ಕೆ ಬಟ್ಟೆ ತುಂಬುವವಳು, ಕಾಲರಿನ ಕೊಳೆ ಉಜ್ಜುವವಳು, ಕಿತ್ತುಹೋದ ಗುಂಡಿಗೆ ಗಿರಾಕಿಯಿಂದ ಬೈಸಿಕೊಳ್ಳುವವಳು ಅವಳು. ಅಣ್ಣತಮ್ಮಂದಿರಿಗೆ ಅದಕ್ಕಿಂತ ದೊಡ್ಡ ಕೆಲಸವಿತ್ತು. ವಿಶ್ವಕ್ಕೆ ಕೊನೆ ಇದೆಯೋ ಇಲ್ಲವೋ ಎಂದು ಅವರು ತೀರ್ಮಾನಿಸಬೇಕಿತ್ತು.

ಇದೆಲ್ಲ ಶುರುವಾದದ್ದು ರೇಡಿಯೋದಿಂದ. ಯಾರೋ ವಿಶ್ವದ ಆಕಾರದ ಬಗ್ಗೆ ಭಾಷಣ ಮಾಡುತ್ತಿದ್ದರು. ಉತ್ತರ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕೊನೆ ಇರಲೇಬೇಕು, ಕೊನೆಯಿಲ್ಲದ್ದು ಯಾವುದಿದೆ ಎಂದ ಗಂಡ. ಇದ್ದರೆ ಅದರಾಚೆ ಏನಿದೆ ಎಂದ ಮೈದುನ. ಕರೆಂಟು ಬಂದಾಗ ಭಾಷಣ ಮುಗಿದಿತ್ತು, ಇವರದು ಮುಗಿಯಲಿಲ್ಲ. ಬೀದಿಯವರು ಗಂಡನಿಗೆ ಎಲ್ಲೆಯಣ್ಣ, ಮೈದುನನಿಗೆ ಬಯಲಣ್ಣ ಎಂದು ಹೆಸರಿಟ್ಟು ನಕ್ಕರು. ಇವರಿಗೆ ಅದು ಬಿರುದು ಸಿಕ್ಕಷ್ಟು ಹೆಮ್ಮೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ ಎಂದುಕೊಂಡು ಅತ್ತಿಗೆ ಸುಮ್ಮನಾದಳು. ಸ್ನಾನಕ್ಕೆ ಹೊರಟರೆ ತನ್ನ ಬನಿಯನ್ ಎಲ್ಲಿದೆ ಎಂದು ಹೆಂಡತಿಯನ್ನು ಕೇಳುವವನು ವಿಶ್ವದ ಅಂಚು ಎಲ್ಲಿದೆ ಎಂದು ಊರಿಗೆ ಹೇಳುತ್ತಿದ್ದ.

ಒಂದು ದಿನ ವಾದದ ಬಿಸಿಯಲ್ಲಿ ಗಂಡ ಇಸ್ತ್ರಿಪೆಟ್ಟಿಗೆ ಎತ್ತುವುದನ್ನೇ ಮರೆತ. ವಕೀಲರೊಬ್ಬರ ಕರಿಕೋಟಿನ ಬೆನ್ನು ಸುಟ್ಟು ಹೊಗೆಯೆದ್ದಿತು. ತಪ್ಪು ನಿನ್ನದು, ನಿನ್ನದು ಎಂದು ಇಬ್ಬರೂ ಮಾತು ಬಿಟ್ಟರು. ಮಾರನೇ ದಿನವೇ ಅಂಗಡಿಯ ನಟ್ಟನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ಬಡಗಿಯನ್ನು ಕರೆತಂದವನು ಮೈದುನ, ವಿಶ್ವಕ್ಕೆ ಎಲ್ಲೂ ತಡೆಯಿಲ್ಲ ಎನ್ನುತ್ತಿದ್ದ ಮಹಾಶಯ. ಯಂತ್ರ ಗಂಡನ ಪಾಲಿಗೆ ಬಂತು, ನಲ್ಲಿ ಮೈದುನನ ಪಾಲಿಗೆ. ಅತ್ತಿಗೆ ಬಕೆಟ್ಟು ಹಿಡಿದು ಒಂದು ಬಾಗಿಲಿನಿಂದ ಬೀದಿಗಿಳಿದು ಇನ್ನೊಂದು ಬಾಗಿಲಿಗೆ ನೀರು ಹೊತ್ತಳು. ಗೋಡೆ ಬಂದರೂ ವಾದ ನಿಲ್ಲಲಿಲ್ಲ. ಬೇರೆ ಮಾತು ಬಿಟ್ಟಿದ್ದರೇ ಹೊರತು ಅದನ್ನು ಬಿಟ್ಟಿರಲಿಲ್ಲ; ಪ್ಲೈವುಡ್ಡಿನ ಈಚೆಗೂ ಆಚೆಗೂ ನಿಂತು ಕೂಗಾಡುತ್ತಿದ್ದರು.

ಕಾಲೇಜಿನಲ್ಲಿ ಗಣಿತ ಹೇಳುವ ಮೇಡಂ ಒಬ್ಬರು ಒಗೆಯಲು ಕೊಟ್ಟಿದ್ದ ಪರದೆಗಳನ್ನು ಒಯ್ಯಲು ಬಂದಾಗ ಇಬ್ಬರೂ ಎರಡು ಬಾಗಿಲಿನಿಂದ ಧಾವಿಸಿ, ನೀವೇ ತೀರ್ಮಾನ ಹೇಳಿ ಎಂದು ಅವರನ್ನು ಹಿಡಿದರು. ಮೇಡಂ ಸಮಾಧಾನವಾಗಿಯೇ ಬಿಡಿಸಿ ಹೇಳಿದರು. ಚೆಂಡಿನ ಮೇಲೆ ಇರುವೆ ಎಷ್ಟು ನಡೆದರೂ ಅಂಚು ಸಿಗುವುದಿಲ್ಲ, ಹಾಗಂತ ಚೆಂಡೇನೂ ಅನಂತವಲ್ಲ. ವಿಶ್ವವೂ ಹಾಗೇ ಅಂಚಿಲ್ಲದೆಯೂ ಇಂತಿಷ್ಟೇ ಇರಬಹುದು. ಇಲ್ಲವೇ ಕೊನೆಯಿಲ್ಲದೆ ಹರಡಿಕೊಂಡಿರಬಹುದು. ಅಳೆದಷ್ಟು ದೂರ ಚಪ್ಪಟೆಯಂತೆ ಕಾಣುತ್ತದೆ, ಆದರೆ ನಮಗೆ ಕಾಣುವುದೇ ಒಂದು ತುಂಡು. ಉಳಿದದ್ದು ಯಾರಿಗೂ ಗೊತ್ತಿಲ್ಲ.

ಅವರು ಬೀದಿ ತಿರುಗುವವರೆಗೂ ಇಬ್ಬರೂ ಅವರ ಬೆನ್ನನ್ನೇ ನೋಡಿದರು.

"ಗೊತ್ತಿಲ್ಲ ಅನ್ನೋದಕ್ಕೆ ಇವರಿಗೆ ಸಂಬಳ ಬೇರೆ," ಎಂದ ಗಂಡ.

"ನಮ್ಮನ್ನ ಇರುವೆ ಅಂದ್ಬಿಟ್ರಲ್ಲ," ಎಂದ ಮೈದುನ.

ಅಷ್ಟು ವರ್ಷಗಳಲ್ಲಿ ಇಬ್ಬರೂ ಒಂದಾದದ್ದು ಆವತ್ತೊಂದೇ ದಿನ. ಮೇಡಂ ಹೇಳಿದ್ದು ಮಗುವಿಗೂ ತಿಳಿಯುವಂತಿತ್ತು. ತಿಳಿದರೆ ಜಗಳ ಬಿಟ್ಟು ಬಟ್ಟೆ ಒಗೆಯಬೇಕಾಗುತ್ತದಲ್ಲ ಎಂದುಕೊಂಡು ಅತ್ತಿಗೆ ಬಕೆಟ್ಟು ಎತ್ತಿಕೊಂಡಳು.

ಆಮೇಲೊಂದು ದಿನ ಮೈದುನ ನಲ್ಲಿಯ ಹತ್ತಿರವೇ ಎದೆ ಹಿಡಿದುಕೊಂಡು ಕುಸಿದ. ಹೃದಯದ ಆಪರೇಷನ್ ಆಯಿತು. ಎಚ್ಚರವಾಗಬೇಕಾದ ಹೊತ್ತು ಮೀರಿದರೂ ಅವನು ಕಣ್ಣು ಬಿಡಲಿಲ್ಲ. ಮಾತಾಡಿಸುತ್ತಿರಿ ಎಂದಳು ನರ್ಸ್. ಗಂಡ ಮಂಚದ ಪಕ್ಕ ಕೂತು ಬಾಯಿ ತೆರೆದ, ಮುಚ್ಚಿದ. ತಮ್ಮನ ಜೊತೆ ಆಡಲು ಅವನಲ್ಲಿ ಬೇರೆ ಮಾತೇ ಉಳಿದಿರಲಿಲ್ಲ. ಕೊನೆಗೆ ಕಿವಿಯ ಹತ್ತಿರ ಬಾಗಿದ.

"ಲೇ, ಕೊನೆ ಇದೆ ಕಣೋ."

ತಮ್ಮನ ಹೊದಿಕೆ ಸರಿಮಾಡಿ ಮತ್ತೆ ಬಾಗಿದ.

"ಇದೆ ಅಂದ್ರೆ ಇದೆ. ನಾನು ಹೇಳ್ತಾ ಇದೀನಿ, ಕೇಳಿಸ್ತಾ?"

ಬಹಳ ಹೊತ್ತಿನ ಮೇಲೆ ಮೈದುನನ ಒಣಗಿದ ತುಟಿ ಅಲುಗಿತು. "ಅದರಾಚೆ?"

ಗಂಡ ತಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಥೂ, ಸಾಯೋ ಹೊತ್ತಲ್ಲೂ ಇದೇ ಗೋಳಾ ಎಂದು ಗೊಣಗುತ್ತ, ಮಂಚದ ಕಾಲ ಬಳಿ ನಿಂತಿದ್ದ ಅತ್ತಿಗೆ ಹೊರಗೆ ಬಂದಳು. ಗೋಡೆಗೆ ಮುಖ ಮಾಡಿ ನಿಂತು ಕಣ್ಣೊರೆಸಿಕೊಂಡಳು. ಕಣ್ಣೀರು ಬಂದದ್ದಕ್ಕೂ ಅವರಿಬ್ಬರನ್ನೇ ಬೈದುಕೊಂಡಳು.

ಗಂಡ ಆಸ್ಪತ್ರೆಯಲ್ಲೇ ಇದ್ದ ದಿನಗಳಲ್ಲಿ ಅವಳು ಅದೇ ಬಡಗಿಯನ್ನು ಕರೆಸಿ ಪ್ಲೈವುಡ್ ಕೀಳಿಸಿ, ಅದರಿಂದ ಇಸ್ತ್ರಿಗೆ ಅಗಲವಾದ ಮೇಜು ಮಾಡಿಸಿಕೊಂಡಳು. ಒಬ್ಬ ಹೆಂಗಸನ್ನು ಕೆಲಸಕ್ಕೂ ಇಟ್ಟುಕೊಂಡಳು. ಮೈದುನ ಮನೆಗೆ ಬಂದ ಮೇಲೆ ಗೋಡೆ ಎಲ್ಲಿ ಎಂದು ಇಬ್ಬರೂ ಕೇಳಲಿಲ್ಲ. ಅವನು ಭಾರ ಎತ್ತುವಂತಿಲ್ಲ. ಗಂಡ ಮೊದಲೂ ಎತ್ತಿದವನಲ್ಲ. ಬಾಗಿಲ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಬೆಳಗ್ಗೆಯಿಂದ ಕೂತಿರುತ್ತಾರೆ, ಅದೇ ಮಾತು, ಈಗ ಸ್ವಲ್ಪ ಮೆತ್ತಗೆ. ಹೊಸ ಗಿರಾಕಿ ಯಾರಾದರೂ ಕಿವಿಗೊಟ್ಟು ನಿಂತರೆ ಅತ್ತಿಗೆ ಒಳಗಿನಿಂದಲೇ ಹೇಳುತ್ತಾಳೆ:

"ಅವರನ್ನ ಮಾತಾಡಿಸ್ಬೇಡಿ. ಬಟ್ಟೆ ತಗೊಂಡು ಹೊರಡಿ."